ಕರಡಿ ಬೇಲಿಯೊಳಗೆ ಏಕಾದಶಿ

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಆಗ ಲಂಡನ್ನಿನ ಕೆಂಟನ್‌ನಲ್ಲಿದ್ದೆವು. ರೆಸ್ಟೋರೆಂಟ್ ಕೆಲಸದ ನನ್ನ ಗಂಡನಿಗೆ ಭಾನುವಾರ ರಜೆ ಸಿಗುವುದೆಂದರೆ ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ. ಅಂಥದ್ದೊಂದು ಭಾನುವಾರ, ಕುಂದಾಪುರದಿಂದ ಬಂದಿದ್ದ ಅತ್ತೆಯನ್ನೂ ನಮ್ಮ ಮಗಳನ್ನೂ ಊರಂಚಿನ ಪಾರ್ಕೊಂದಕ್ಕೆ ಕರೆದುಕೊಂಡು ಹೋದೆವು. ಉತ್ತರ ಅಮೆರಿಕದ ಪ್ರಾಣಿಗಳನ್ನಷ್ಟೇ ಬಯಲಿಗೆ ಬಿಟ್ಟಿದ್ದರು. ಕಾರಿನಿಂದ ಇಳಿಯುವಂತಿಲ್ಲ, ಒಳಗೇ ಕೂತು ನೋಡಬೇಕು.

"ಲಂಡನ್ನಿಗ್ ಬಂದ್ ಅಮೆರಿಕದ ಪ್ರಾಣಿ ಕಾಂಬುದಾ?" ಎಂದು ಅತ್ತೆ ನಕ್ಕರು. ಬೈಸನ್ ಕಂಡಾಗ ಇನ್ನೂ ನಕ್ಕರು. "ಎಂತ ಕೋಣ ಮಾರಾಯ್ತಿ ಇದು! ಗಡ್ಡ ಬೇರೆ!"

ಗೇಟಿನಲ್ಲೇ ಬೋರ್ಡಿತ್ತು: ಗಾಜು ಇಳಿಸಬೇಡಿ, ಬಾಗಿಲು ತೆರೆಯಬೇಡಿ, ತೊಂದರೆಯಾದರೆ ಹಾರ್ನ್ ಹಾಕಿ ಕಾಯಿರಿ. ತಿಂಡಿಯ ವಾಸನೆಗೆ ಕರಡಿ ಬರುತ್ತದೆಂದು ಯಾರೋ ಹೇಳಿದ್ದರಿಂದ ಚಿತ್ರಾನ್ನ, ಬಾಳೆಹಣ್ಣು, ಜ್ಯೂಸು ಎಲ್ಲವನ್ನೂ ನಾನು ಡಿಕ್ಕಿಗೆ ತುಂಬಿದ್ದೆ. ಬುದ್ಧಿವಂತೆ ನಾನು.

ಕರಡಿಗಳೂ ಬೈಸನ್‌ಗಳೂ ಒಟ್ಟಿಗಿದ್ದ ಬೇಲಿಯೊಳಗೆ ಕಾರುಗಳ ಸಾಲು ನಿಂತುಬಿಟ್ಟಿತು. ನಾಲ್ಕೈದು ಬೈಸನ್ ರಸ್ತೆಯ ಮಧ್ಯೆ ಮಲಗಿ ಮೆಲುಕು ಹಾಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿದ್ದ ಅತ್ತೆಯ ಮಾತು ತೊದಲತೊಡಗಿತು. ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ಕೈ ಮುಟ್ಟಿದರೆ ತಣ್ಣಗೆ.

"ಅತ್ತೆ, ಬೆಳಿಗ್ಗೆ ತಿಂಡಿ ತಿಂದಿರಾ?"

"ಇವತ್ ಏಕಾದಶಿ ಅಲ್ದಾ..."

"ಸಕ್ಕರೆ ಕಾಯಿಲೆ ಮಾತ್ರೆ?"

"ತಕಂಡಿದೆ. ತಪ್ಪಿಸ್ಬಾರ್ದ್ ಅಂದಿದ್ಯಲೆ ನೀನು."

ಅತ್ತೆ ದೇವರ ಮಾತನ್ನೂ ಮೀರಲಿಲ್ಲ, ನನ್ನ ಮಾತನ್ನೂ ಮೀರಲಿಲ್ಲ. ಬರಿಹೊಟ್ಟೆಗೆ ಮಾತ್ರೆ, ಮೇಲೆ ಒಂದು ತೊಟ್ಟು ನೀರೂ ಇಲ್ಲದ ಉಪವಾಸ. ಮೈಯಲ್ಲಿದ್ದ ಸಕ್ಕರೆಯೆಲ್ಲ ಇಳಿದುಹೋಗುತ್ತಿತ್ತು. ಈಗಲೇ ಏನಾದರೂ ಸಿಹಿ ಒಳಗೆ ಹೋಗದಿದ್ದರೆ ಅತ್ತೆ ಉಳಿಯುವುದಿಲ್ಲ ಎನ್ನುವುದಷ್ಟೇ ನನಗೆ ಗೊತ್ತಾದದ್ದು.

ಗಂಡ ಹಾರ್ನ್ ಒತ್ತಿದರು. ಒತ್ತಿಯೇ ಒತ್ತಿದರು. ಪಕ್ಕದ ಕಾರಿನ ಹೆಂಗಸು, ಈ ಇಂಡಿಯಾದವರಿಗೆ ಪ್ರಾಣಿಗಳ ಮುಂದೆಯೂ ಹಾರ್ನ್ ಬೇಕೇ ಎನ್ನುವಂತೆ ತಲೆಯಾಡಿಸಿದಳು. ಬೈಸನ್ ಕಿವಿ ಅಲ್ಲಾಡಿಸಲಿಲ್ಲ. ಹಾಳಾಗಿ ಹೋಗಲಿ, ಡಿಕ್ಕಿ ತೆರೆಯುತ್ತೇನೆಂದು ಬಾಗಿಲಿಗೆ ಕೈ ಹಾಕಿದೆ. ಗಂಡ ಕಿರುಚಿದರು. ಹಿಂದಕ್ಕೆ ತಿರುಗಿದರೆ ಕಪ್ಪು ಕರಡಿಯೊಂದು ಮುಂಗಾಲೆರಡನ್ನೂ ನಮ್ಮ ಡಿಕ್ಕಿಯ ಮೇಲೆ ಊರಿಕೊಂಡು ಮೂಸುತ್ತಿತ್ತು. ನನಗೆ ಅಳು ಬಂತು. ಕಾರಿನ ತುಂಬ ಹುಡುಕಿದರೂ ಒಂದು ಚೂರು ಬೆಲ್ಲವಿಲ್ಲ.

ಮುಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮಗಳು ಮೆಲ್ಲಗೆ ಕಾಲುಚೀಲದೊಳಗಿಂದ ಒಂದು ಪೊಟ್ಟಣ ತೆಗೆದಳು. ಕೋಲಾ ಬಾಟಲಿಯ ಆಕಾರದ ಜೆಲ್ಲಿ ಮಿಠಾಯಿ. ನಾನೇ ಮನೆಯೊಳಗೆ ತರಕೂಡದೆಂದು ಹೇಳಿದ್ದದ್ದು. ನಾನು ಕಿತ್ತುಕೊಂಡೆ.

"ಬಟ್ ಅಮ್ಮ, ಯೂ ಸೆಡ್ ಇಟ್ಸ್ ಕೌ ಬೋನ್ಸ್!"

ಅದಕ್ಕೆ ಹಾಕುವ ಜೆಲಟಿನ್ ದನದ ಮೂಳೆಯದ್ದೆಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಅತ್ತೆಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಕೌ ಒಂದು. ಕಣ್ಣು ಅರೆಮುಚ್ಚಿತ್ತು, ಆದರೂ ಕೇಳಿಸಿತು. ತುಟಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿದರು. ಕಿಟಕಿಯ ಆಚೆ ಬೈಸನ್ ಅವರನ್ನೇ ನೋಡುತ್ತಿತ್ತು.

ಆ ಮಿಠಾಯಿಯೋ ರಬ್ಬರಿನಂತೆ ಗಟ್ಟಿ. ಬೊಚ್ಚುಬಾಯಿಯಲ್ಲಿ ಗಂಟಲಿಗೆ ಸಿಕ್ಕಿಕೊಂಡರೆ? ಮೂರ್ನಾಲ್ಕನ್ನು ನನ್ನ ಬಾಯಿಗೆ ಹಾಕಿಕೊಂಡು ಅಗಿದೆ. ಮೆತ್ತಗಾದದ್ದನ್ನು ಬೆರಳಿಗೆ ತೆಗೆದುಕೊಂಡೆ. ಏಕಾದಶಿಯ ದಿನ, ದನದ ಮೂಳೆ, ಸಾಲದ್ದಕ್ಕೆ ಸೊಸೆಯ ಎಂಜಲು. ಇನ್ನೇನು ಉಳಿಯಿತು?

"ಅತ್ತೆ, ಬಾಯಿ ಬಿಡಿ."

ಬಿಡಲಿಲ್ಲ. ಬೇಡಿಕೊಂಡೆ, ಬೈದೆ, ಕೆನ್ನೆ ಹಿಚುಕಿದೆ. ಗಂಡ "ಅಮ್ಮಾ, ಅಮ್ಮಾ" ಎನ್ನುತ್ತ ಹಾರ್ನ್ ಒತ್ತುತ್ತಲೇ ಇದ್ದರು. ಕೊನೆಗೆ ನಾನು ಅವರ ಕಿವಿಗೆ ಬಾಯಿಟ್ಟು ಕೂಗಿದೆ: "ಪಾಪವೆಲ್ಲ ನನಗಿರಲಿ! ನರಕಕ್ಕೆ ನಾನು ಹೋಗ್ತೇನೆ. ನೀವು ನುಂಗಿ!"

ದವಡೆ ಸಡಿಲವಾಯಿತು. ಬೆರಳಿನಲ್ಲಿದ್ದದ್ದನ್ನು ಒಸಡಿಗೆ ತಿಕ್ಕಿದೆ. ಗಂಟಲು ಒಮ್ಮೆ ಆಡಿತು. ಇನ್ನಷ್ಟು ಅಗಿದು ಕೊಟ್ಟೆ, ಅದನ್ನೂ ನುಂಗಿದರು. ಪೊಟ್ಟಣ ಮುಗಿಯುವ ಹೊತ್ತಿಗೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಪಟ್ಟೆಪಟ್ಟೆಯ ಜೀಪಿನಲ್ಲಿ ಕಾವಲಿನವನು ಬಂದ, ಕರಡಿಯನ್ನು ಅಟ್ಟಿದ, ದಾರಿ ಬಿಡಿಸಿದ. ಗೇಟಿನ ಬಳಿ ಆಂಬ್ಯುಲೆನ್ಸ್ ಕಾಯುತ್ತಿತ್ತು.

ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ನು ನನ್ನ ಕೈಯ ಅನ್ನ ಮುಟ್ಟುವುದಿಲ್ಲ, ಊರಿಗೆ ಟಿಕೆಟ್ ಮಾಡಿಸು ಎನ್ನುತ್ತಾರೆ ಎಂದುಕೊಂಡೆ. ಅವರ ಜೀವ ಉಳಿಯಿತಲ್ಲ ಎಂದು ಸಮಾಧಾನ ಹೇಳಿಕೊಂಡರೂ ನನಗೆ ನಿದ್ದೆ ಬರಲಿಲ್ಲ.

ದ್ವಾದಶಿಯ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಬಹಳ ಹೊತ್ತು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಪಾರಣೆಯ ಅಡುಗೆ ಮುಗಿಸಿ, ಬಡಿಸಲೋ ಬೇಡವೋ ತಿಳಿಯದೆ ಸೌಟು ಹಿಡಿದು ನಿಂತಿದ್ದೆ. ಅತ್ತೆ ಎದ್ದು ಬಂದು ತಟ್ಟೆ ಎಳೆದುಕೊಂಡರು.

"ಪಾಪದಲ್ಲಿ ಅರ್ಧ ನಂಗೇ ಇರ್ಲಿ ಅಂತ ದೇವ್ರಿಗ್ ಹೇಳಿದೆ," ಎಂದರು. "ನುಂಗಿದ್ ನಾನಲ್ದಾ? ಹ್ಞೂಂ, ಈಗ ಬಡ್ಸು."