ಬೀಳುವವರಿಗೆ ಹಾಸಿಗೆ ಹೊಲಿಯುವಾಕೆ

ಬೆಳಗಿನ ಐದೂವರೆ. ಸಭಾಂಗಣದ ನಡುವೆ ಕಟ್ಟಿರುವ, ಟಿವಿಯಲ್ಲಿ ತೋರಿಸುವಂಥ ಕುಸ್ತಿಯ ರಿಂಗ್‌ಗೆ ಇನ್ನೂ ಹೊದಿಕೆ ಬಿದ್ದಿಲ್ಲ, ಹಲಗೆಗಳು ಬರಿಮೈಯಲ್ಲಿವೆ. ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಹಲಗೆಯಿಂದ ಹಲಗೆಗೆ ಸರಿಯುತ್ತಾ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಾರೆ. ಮೂಲೆಯ ಹತ್ತಿರ ಕೈ ನಿಲ್ಲುತ್ತದೆ. ಮತ್ತೆ ಬಡಿಯುತ್ತಾರೆ.

"ಇದು ಒಡೆದಿದೆ. ಬದಲಾಯಿಸಿ."

"ನಿನ್ನೆ ತಾನೇ ನೋಡಿದೀನಿ ಅಕ್ಕಾ, ಕಲ್ಲಿದ್ದಂಗಿದೆ," ಎನ್ನುತ್ತಾರೆ ರಿಂಗ್ ಕಟ್ಟುವ ಮೇಸ್ತ್ರಿ.

"ಕಲ್ಲಿನ ಮೇಲೆ ಬಿದ್ರೆ ಏನಾಗುತ್ತೆ ಅಂತ ನಂಗೊತ್ತು. ತೆಗೀರಿ."

ಗೊಣಗುತ್ತಲೇ ಹಲಗೆ ಎತ್ತಿ ಮಗುಚಿದರೆ ಕೆಳಗಡೆ ಮೊಳದುದ್ದದ ಸೀಳು. ಮೇಸ್ತ್ರಿ ಇನ್ನೊಂದು ಹಲಗೆ ತರಲು ಹೋಗುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಅವರು 'ಹಾಸಿಗೆ ಅಕ್ಕ'. ವಾರವಿಡೀ ಮನೆಯ ಮುಂಗೋಣೆಯಲ್ಲಿ ಜನರ ಹಾಸಿಗೆ ಹೊಲಿಯುತ್ತಾರೆ. ತಿಂಗಳಿಗೆ ನಾಲ್ಕು ದಿನ ಮಾತ್ರ ಈ ರಿಂಗ್‌ನ ಹದಿನಾರು ಮೆತ್ತೆಗಳು ಅವರ ಪಾಲು. ಪ್ರತಿಯೊಂದನ್ನೂ ಅಂಗೈಯಿಂದ ಒತ್ತಿ ನೋಡಿ, ಒಳಗಿನ ಫೋಮ್ ಕುಸಿದಿದ್ದರೆ ಬಿಚ್ಚಿ ತುಂಬಿ, ಡಬ್ಬಣದಲ್ಲಿ ಮತ್ತೆ ಹೊಲಿದು, ಮೇಲೆ ಕ್ಯಾನ್ವಾಸ್ ಬಿಗಿಯುವ ಹೊತ್ತಿಗೆ ಮಧ್ಯಾಹ್ನ. "ಸಂಜೆಗೆ ಆರು ಪಂದ್ಯ. ಏನಿಲ್ಲ ಅಂದ್ರೂ ನೂರಿಪ್ಪತ್ತು ಸಲ ಬೀಳ್ತಾರೆ. ನಾನು ಎಣಿಸಿದೀನಿ," ಎಂದು ಡಬ್ಬಣವನ್ನು ಸೆರಗಿಗೆ ಚುಚ್ಚಿಕೊಳ್ಳುತ್ತಾರೆ.

ಒಂದು ಕಾಲಕ್ಕೆ ಅಕ್ಕನಿಗೆ ಟಿವಿಯ ಕುಸ್ತಿಯೆಂದರೆ ಪ್ರಾಣ. ಎರಡು ವರ್ಷ ದೊಡ್ಡವನಾದ ಅಣ್ಣ, ಈಕೆ, ಇಬ್ಬರಿಗೂ ಪೈಲ್ವಾನರ ಪಟ್ಟುಗಳೆಲ್ಲ ಬಾಯಿಪಾಠ. ಅಣ್ಣ ಪೈಲ್ವಾನ, ತಂಗಿ ರೆಫರಿ. ಆಕೆಗೆ ಹನ್ನೊಂದಾಗಿದ್ದಾಗ ಒಂದು ಭಾನುವಾರ ಅಣ್ಣ ಟವೆಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಮಹಡಿಯ ಗೋಡೆಯಿಂದ ಅಂಗಳದ ಕೌದಿ ರಾಶಿಯ ಮೇಲೆ ಹಾರಿದ. ರಾಶಿ ತಪ್ಪಿತು.

"ಕುಸ್ತೀಲಿ ಬಿದ್ದೋರು ಸತ್ತಂಗೆ ಮಲಗ್ತಾರಲ್ಲ, ಹಂಗೇ ಮಲಗಿದಾನೆ ಅನ್ಕೊಂಡೆ. ನೆಲ ಬಡಿದು ಒಂದು, ಎರಡು, ಮೂರು ಅಂದೆ. ಎಷ್ಟು ಚೆನ್ನಾಗಿ ನಟಿಸ್ತಾನೆ ಅಂತ ಚಪ್ಪಾಳೆನೂ ತಟ್ಟಿದೆ." ಅಷ್ಟು ಹೇಳಿ ಅಕ್ಕ ಮುಂದಿನ ಮೆತ್ತೆಯನ್ನು ಎಳೆದುಕೊಂಡು ಅಂಗೈಯಿಂದ ಒತ್ತಿ ನೋಡುತ್ತಾರೆ.

ಅಣ್ಣ ಬದುಕಿಕೊಂಡ. ಎಡಗಾಲು ಮಾತ್ರ ನೆಟ್ಟಗಾಗಲಿಲ್ಲ. ಕೂತಲ್ಲೇ ಗಡಿಯಾರ ರಿಪೇರಿ ಮಾಡುವ ಅವರು ಕುಸ್ತಿ ನೋಡುವುದನ್ನು ಬಿಡಲಿಲ್ಲ. ಬಿಟ್ಟವರು ತಂಗಿ. ಪಕ್ಕದ ಕೋಣೆಯಲ್ಲಿ ಟಿವಿ ಗದ್ದಲ ಎದ್ದರೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದರು. ಹೀಗೆ ಮೂವತ್ತೇಳು ವರ್ಷ.

ಮೂರು ವರ್ಷದ ಹಿಂದೆ ಮೇಸ್ತ್ರಿ ಹರಿದ ಮೆತ್ತೆಯೊಂದನ್ನು ಹೊತ್ತು ಬಾಗಿಲಿಗೆ ಬಂದರು. ಅದು ಕುಸ್ತಿಯ ರಿಂಗ್‌ನದು ಎಂದು ತಿಳಿದದ್ದೇ ತಡ, ಅಕ್ಕ ಕದ ಮುಚ್ಚಲು ಹೊರಟರು. ಒಳಗಿಂದ ಅಣ್ಣ ಕೂಗಿದರು: "ಬೀಳೋರು ಹೆಂಗಿದ್ರೂ ಬೀಳ್ತಾರೆ ಕಣೇ. ನೀನು ಹೊಲಿದ್ರೆ ಮೆತ್ತಗಾದ್ರೂ ಬೀಳ್ತಾರೆ."

ಕೆಲಸ ಒಪ್ಪಿಕೊಂಡ ಮೊದಲ ಸಂಜೆ ಅಕ್ಕ ಸಭಾಂಗಣದ ಹೊರಗೇ ನಿಂತು, ಒಳಗಿನ ಧಡ್, ಧಡ್ ಸದ್ದಿಗೆ ಬೆವರುತ್ತಿದ್ದರು. ತಡೆಯಲಾರದೆ ಬಾಗಿಲನ್ನು ಬೆರಳಷ್ಟು ಸರಿಸಿದರು. "ಹಾಳಾದ್ದು, ಕಾಲು ಅಲ್ಲೇ ನಿಂತ್ಬಿಡ್ತು. ಒಬ್ಬ ಹಿಂದಿಂದ ಕುರ್ಚಿ ಎತ್ಕೊಂಡು ಬರ್ತಿದ್ದ. 'ಹಿಂದೆ ನೋಡೋ, ಹಿಂದೆ!' ಅಂತ ಕಿರುಚಿದ್ದು ಯಾರು ಅಂದ್ರೆ, ನಾನೇ!" ನಗುವಾಗ ಅವರು ಹನ್ನೊಂದರ ಹುಡುಗಿ. ಆದರೆ ಹಳೆಯ ಪ್ರೀತಿ ಒಂಟಿಯಾಗಿ ಬರಲಿಲ್ಲ, ಹೆದರಿಕೆಯ ಕೈ ಹಿಡಿದುಕೊಂಡೇ ಬಂತು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯವಂತೆ. ಇಲ್ಲಿ ನಾಲ್ಕೂ ಕಡೆ ಹಗ್ಗವೇ.

ಸಂಜೆ ಸಭಾಂಗಣ ಕಿಕ್ಕಿರಿದಿದೆ. ಅಕ್ಕ ಕಂಬದ ಹಿಂದೆ. ಕೊನೆಯ ಪಂದ್ಯದಲ್ಲಿ 'ಗುಡುಗು' ಎಂಬ ಪೈಲ್ವಾನ ಮೇಲಿನ ಹಗ್ಗವೇರಿ ಹಾರುತ್ತಾನೆ. ಬೆಳಿಗ್ಗೆ ಹಲಗೆ ಬದಲಾಯಿಸಿದ ಮೂಲೆಯಿಂದಲ್ಲ, ಯಾರಿಗೂ ಅನುಮಾನವಿರದ ಎದುರು ಮೂಲೆಯಿಂದ. ಎದುರಾಳಿ ಪಕ್ಕಕ್ಕೆ ಉರುಳುತ್ತಾನೆ. ಗುಡುಗು ಬೆನ್ನಡಿಯಾಗಿ ಬಿದ್ದವನು ಮಿಸುಕುವುದಿಲ್ಲ. ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋಲು. ರೆಫರಿ ಎಣಿಸತೊಡಗುತ್ತಾನೆ. ನಾಲ್ಕು. ಐದು. ಜನ ಸಿಳ್ಳೆ ಹೊಡೆಯುತ್ತಿದ್ದಾರೆ. ಅಕ್ಕನ ಉಗುರು ಕಂಬದ ಸುಣ್ಣ ಕೆರೆಯುತ್ತಿದೆ. ನಟನೆಯೋ, ನಿಜವೋ? ಏಳು. ಎಂಟು. ಅಕ್ಕ ಕಂಬ ಬಿಟ್ಟು ಓಡಿ ರಿಂಗ್‌ನ ಅಂಚು ಹಿಡಿದುಕೊಳ್ಳುತ್ತಾರೆ. ಒಂಬತ್ತಕ್ಕೆ ಗುಡುಗು ಎದ್ದು ಕೂರುತ್ತಾನೆ. ಸಭಾಂಗಣ ಭೋರ್ಗರೆಯುತ್ತದೆ. ಅಕ್ಕ ಅಲ್ಲೇ ಕುಸಿದು ಕೂರುತ್ತಾರೆ.

ಪಂದ್ಯ ಮುಗಿದ ಮೇಲೆ ಬೆವರೊರೆಸಿಕೊಳ್ಳುತ್ತಾ ಅವನೇ ಹುಡುಕಿಕೊಂಡು ಬರುತ್ತಾನೆ. "ಹೆದರಿಬಿಟ್ರಾ ಅಕ್ಕಾ?"

"ಎಂಟಕ್ಕೇ ಏಳೋಕೆ ನಿಂಗೇನೋ ರೋಗ?"

"ಒಂಬತ್ತಕ್ಕೆ ಎದ್ರೇನೇ ಮಜಾ," ಎಂದು ನಗುತ್ತಾನೆ. "ಬೆನ್ನಿಗೆ ಏನೂ ಆಗಿಲ್ಲ, ನೋಡಿ." ಅಕ್ಕ ನಿಜಕ್ಕೂ ನೋಡುತ್ತಾರೆ. ಬೆನ್ನೆಲುಬಿನ ಉದ್ದಕ್ಕೂ ಬೆರಳಾಡಿಸಿದ ಮೇಲೆಯೇ ಅವನನ್ನು ಬಿಡುವುದು.

ಇಷ್ಟು ಹೆದರಿಕೆಯಾದರೆ ಕೆಲಸ ಬಿಡಬಾರದೇ ಎಂದರೆ ತಲೆಯಾಡಿಸುತ್ತಾರೆ. "ಹೆದರದೋರ ಕೈಗೆ ಇದನ್ನ ಕೊಟ್ಟು ಮನೇಲಿ ನಿದ್ದೆ ಮಾಡ್ಲಾ?"

ಆಸೆಯೊಂದಿದೆ. ಒಮ್ಮೆಯೂ ಸಭಾಂಗಣ ಕಾಣದ ಅಣ್ಣನನ್ನು ಇಲ್ಲಿಗೆ ಕರೆತರಬೇಕು. ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ.

"ಮುಂದೆ ಬೇಡ, ಬಾಗಿಲ ಹತ್ರ ಎರಡು ಕುರ್ಚಿ ಸಾಕು ಅಂದಿದೀನಿ. ಅವನು ಕೂಗ್ಬೇಕು, ನಾನು ಹೆದರ್ಬೇಕು. ಇಬ್ರಿಗೂ ಸ್ವಲ್ಪ ಜಾಗ ಬೇಕಲ್ಲ."