ಮಡುವಿನಿಂದ ಎದ್ದು ಬಂದವನು

ನಾನು ವೃತ್ತಿಯಿಂದ ಅರಿವಳಿಕೆ ತಜ್ಞೆ. ಆಪರೇಷನ್‌ಗೆ ಮುಂಚೆ ಎಚ್ಚರ ತಪ್ಪಿಸುವುದು, ಮುಗಿದ ಮೇಲೆ ಎಚ್ಚರಿಸುವುದು ನನ್ನ ಕೆಲಸ. ಎಚ್ಚರವಾದವರು ಕೆಲವೊಮ್ಮೆ, ಸತ್ತುಹೋದ ತಾಯಿ ಬಂದು ಪಕ್ಕದಲ್ಲಿ ನಿಂತಿದ್ದಳು ಎಂದು ಅಳುತ್ತಾರೆ. ನಾನು ಅವರ ಕೈ ತಟ್ಟಿ, ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಮಿದುಳಿಗೆ ದಣಿವಾದರೆ, ಔಷಧಿ ಹೆಚ್ಚಾದರೆ, ಇಲ್ಲದ್ದು ಕಾಣುತ್ತದೆ ಎಂದು ಕಿರಿಯ ಡಾಕ್ಟರುಗಳಿಗೆ ಪಾಠವನ್ನೂ ಮಾಡಿದ್ದೇನೆ. ಇಂಥವಳು ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಇದನ್ನೇ ಬೇರೊಬ್ಬರು ನನಗೆ ಹೇಳಿದ್ದರೆ ನಾನೂ ಅವರ ಕೈ ತಟ್ಟುತ್ತಿದ್ದೆ.

ಇದು ನಡೆದದ್ದು ನಾಲ್ಕು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಶನಿವಾರ, ಮಟಮಟ ಮಧ್ಯಾಹ್ನ. ಆಗ ನಾವು ಐರ್ಲೆಂಡಿನ ಕಾರ್ಕ್‌ನಲ್ಲಿದ್ದೆವು. ನನ್ನ ಗಂಡ ಸುಧೀರ ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮಗಳು ಇಂಚರಳಿಗೆ ಹನ್ನೊಂದು ವರ್ಷ. ಸುಧೀರ ಶ್ರೀರಂಗಪಟ್ಟಣದವನು, ನಡೆಯುವುದಕ್ಕಿಂತ ಮೊದಲು ಕಾವೇರಿಯಲ್ಲಿ ಈಜು ಕಲಿತೆ ಎಂದು ಹೇಳಿಕೊಳ್ಳುತ್ತಿದ್ದ. ಅವನಿಗೊಂದು ಹಂಬಲವಿತ್ತು. ಮೆಕ್ಸಿಕೋಗೆ ಹೋಗಬೇಕು, ಕಾಡಿನ ನಡುವೆ ಇರುವ ಮಾಯಾ ಜನರ ಪಾಳುನಗರಗಳನ್ನು ನೋಡಬೇಕು, ನೆಲ ಕುಸಿದು ಆದ ಅಲ್ಲಿನ ನೀಲಿ ಮಡುಗಳಲ್ಲಿ ಈಜಬೇಕು. ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದುಬಿಡುವ ಟೂರುಗಳಿವೆಯಂತೆ. ಆಫೀಸಿನ ಗೆಳೆಯನೊಬ್ಬ ಹೋಗಿ ಬಂದು ತೋರಿಸಿದ ಫೋಟೋಗಳನ್ನು ಅವನು ಫೋನಿನಲ್ಲಿಟ್ಟುಕೊಂಡಿದ್ದ.

ಎರಡು ಸಲ ಹೊರಟೆವು. ಎರಡು ಸಲವೂ ನಾನೇ ತಪ್ಪಿಸಿದೆ. ಮೊದಲನೆಯ ಸಲ ನನ್ನ ಪರೀಕ್ಷೆ. ಎರಡನೆಯ ಸಲ ಡ್ಯೂಟಿಯಲ್ಲಿದ್ದ ಇಬ್ಬರು ಒಟ್ಟಿಗೆ ಕಾಯಿಲೆ ಬಿದ್ದರು, ಆಸ್ಪತ್ರೆಯವರು ಕೇಳಿದರು, ನಾನು ಇಲ್ಲವೆನ್ನಲಿಲ್ಲ. ಅವತ್ತು ಸುಧೀರ ಜಗಳವಾಡಲಿಲ್ಲ. ತುಂಬಿಸಿಟ್ಟ ಸೂಟ್‌ಕೇಸನ್ನು ಖಾಲಿ ಮಾಡಿ, ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ಸೇರಿಸಿದ. ಅಲ್ಲಿಂದ ಎರಡು ವರ್ಷ ನಮ್ಮ ಮಾತು ಮಗಳ ಶಾಲೆ, ಕಸದ ಡಬ್ಬಿ, ಹಾಲು ತಂದೆಯಾ ಇಲ್ಲವಾ ಎನ್ನುವುದರಲ್ಲೇ ಮುಗಿಯುತ್ತಿತ್ತು.

ಆ ಶನಿವಾರದ ಟೂರನ್ನು ಬುಕ್ ಮಾಡಿದವಳು ನಾನು. ಕಾರ್ಕ್‌ನಿಂದ ಬಸ್ಸಿನಲ್ಲಿ ಪಶ್ಚಿಮದ ಸಮುದ್ರತೀರಕ್ಕೆ ಕರೆದೊಯ್ದು, ಪಾಳುಬಿದ್ದ ಮಠ, ಹಳೆಯ ಕಲ್ಲುಕೋಟೆ ತೋರಿಸಿ, ಕೊನೆಗೆ ಬಂಡೆಗಳ ನಡುವಿನ ಒಂದು ಮಡುವಿನಲ್ಲಿ ಈಜಲು ಬಿಡುತ್ತಾರೆ. ತಪ್ಪು ತಿದ್ದಿಕೊಳ್ಳುವ ನನ್ನ ದಾರಿ ಅದಾಗಿತ್ತು. ಹೇಳಿದಾಗ ಸುಧೀರ ಫೋನಿನಿಂದ ತಲೆ ಎತ್ತದೆ, "ಹೂಂ, ಆಗ್ಲಿ. ಇದೇ ನಮ್ಮ ಮೆಕ್ಸಿಕೋ ಅನ್ಕೋತೀನಿ" ಎಂದ. ಇಂಚರಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ಇಬ್ಬರೇ ಹೊರಟೆವು.

ಊರು ದಾಟುವ ಮುಂಚೆಯೇ ಬಸ್ಸಿನಲ್ಲಿ ಜಗಳವಾಯಿತು. ಯಾತಕ್ಕೆಂದು ಈಗ ನೆನಪಿಲ್ಲ. ಅಕ್ಕಪಕ್ಕ ಜನರಿದ್ದರು, ಕನ್ನಡದಲ್ಲೇ ಆದರೂ ಪಿಸುದನಿಯಲ್ಲಿ ಕಚ್ಚಾಡಿದೆವು. ಆಮೇಲೆ ಅವನು ಎದ್ದು ಕೊನೆಯ ಸಾಲಿಗೆ ಹೋಗಿ ಕೂತ. ನಾನು ಮುಂದೆ, ಗೈಡ್‌ನ ಹಿಂದಿನ ಸೀಟಿನಲ್ಲಿ ಉಳಿದೆ. ಗೈಡ್ ಡೋನಲ್ ಅರವತ್ತು ದಾಟಿದ, ನಿವೃತ್ತ ಶಾಲಾ ಮಾಸ್ತರ. ಪ್ರತಿ ನಿಲ್ದಾಣದಲ್ಲೂ ಬಾಗಿಲ ಬಳಿ ನಿಂತು, ಹತ್ತುವ ಪ್ರತಿಯೊಬ್ಬರ ಮುಖ ನೋಡಿ ತಲೆ ಎಣಿಸುತ್ತಿದ್ದ. ಎಲ್ಲರೂ ಬಂದರೆಂದಾಗ, ಎಲ್ಲ ಸರಿಯಿದೆ ಎನ್ನಲು ಅಲ್ಲಿಯವರು ಹೇಳುವಂತೆ "ಗ್ರ್ಯಾಂಡ್" ಎಂದು ಡ್ರೈವರ್‌ಗೆ ಹೇಳುತ್ತಿದ್ದ.

ಮಠ ನೋಡಿದೆವು, ಸೂರಿಲ್ಲದ ಗೋಡೆಗಳು, ನೆಲದ ತುಂಬ ಸಮಾಧಿಗಳು. ಕೋಟೆ ನೋಡಿದೆವು, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ದೊಡ್ಡ ಬಳೆ. ಎರಡು ಕಡೆಯೂ ಸುಧೀರ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಫೋಟೋ ತೆಗೆಯುತ್ತಿದ್ದ. ಅಪರಿಚಿತರು ನೋಡಿದ್ದರೆ ನಾವು ಬೇರೆ ಬೇರೆ ಬಂದವರೆಂದೇ ತಿಳಿಯುತ್ತಿದ್ದರು.

ಮಡು ಇದ್ದದ್ದು ಬಸ್ಸು ನಿಲ್ಲುವ ಜಾಗದಿಂದ ಸುಮಾರು ಐದು ನಿಮಿಷದ ಕೆಳಹಾದಿಯಲ್ಲಿ. ದೇವಸ್ಥಾನದ ಕಲ್ಯಾಣಿಯಷ್ಟು ಅಗಲ, ಮೂರು ಕಡೆ ಕಪ್ಪು ಬಂಡೆ, ಒಂದು ಕಡೆಯಿಂದ ಸಮುದ್ರ ಒಳಗೆ ಬರುತ್ತದೆ. ಇಳಿಯಲು ಬಂಡೆಯಲ್ಲೇ ಮೆಟ್ಟಿಲು ಕಡಿದಿದ್ದಾರೆ. ಉಬ್ಬರ ಶುರುವಾಗಿದೆ, ಅರ್ಧ ಗಂಟೆಗಿಂತ ಹೆಚ್ಚು ಇರಬೇಡಿ ಎಂದು ಡೋನಲ್ ಹೇಳಿ ಹೋದ. ನೀರಿಗಿಳಿದವರು ನಾಲ್ಕು ಜನ. ಮೂವರು ಚಳಿಗೆ ಕಿರುಚಿ, ಬೇಗ ಎದ್ದು, ಟೀ ಕುಡಿಯಲು ಮೇಲಕ್ಕೆ ಹೋದರು. ಸುಧೀರ ಮಾತ್ರ ಉಳಿದ. ನಾನು ಮೇಲಿನ ಬಂಡೆಯ ಮೇಲೆ ಅವನ ಬ್ಯಾಗ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ.

"ಸಾಕು ಬಾ, ಟೈಮ್ ಆಯ್ತು" ಎಂದು ಕೂಗಿದೆ.

"ಇನ್ನೂ ಹತ್ತು ನಿಮಿಷ ಇದೆ. ಇದಕ್ಕೂ ಡ್ಯೂಟಿ ರೋಸ್ಟರ್ ಹಾಕ್ತೀಯಾ?" ಎಂದು ನೀರಿನಿಂದಲೇ ಕೂಗಿ, ತಿರುಗಿ ಆಚೆ ದಡದ ಕಡೆಗೆ ಈಜಿದ.

ನನಗೆ ಕಣ್ಣು ಉರಿಯಿತು. ಫೋನ್ ತೆಗೆದು ಆಸ್ಪತ್ರೆಯಿಂದ ಬಂದ ಮೆಸೇಜ್ ಒಂದನ್ನು ಓದಿದೆ, ಉತ್ತರ ಬರೆದೆ. ತಲೆ ಎತ್ತಿದಾಗ ಸುಧೀರ ಮೆಟ್ಟಿಲು ಹತ್ತಿ ಬರುತ್ತಿದ್ದ. ಅದೇ ನೀಲಿ ಚಡ್ಡಿ, ಅದೇ ಒಂದು ಭುಜ ತುಸು ತಗ್ಗಿದ ನಡಿಗೆ. ತಲೆಯಿಂದ ನೀರು ಇಳಿಯುತ್ತಿತ್ತು. ಹತ್ತಿರ ಬಂದು ಬ್ಯಾಗಿನಿಂದ ಟವೆಲ್ ತೆಗೆದು ಮುಖ ಒರೆಸಿಕೊಂಡ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ, "ಕೂತೂ ಕೂತೂ ಚಳಿ ಆಗಿರ್ಬೇಕು ನಿನಗೆ. ನಡಿ, ಹೋಗೋಣ" ಎಂದ.

ಹಾದಿ ಕಿರಿದಾಗಿತ್ತು. ನಾನು ಮುಂದೆ, ಅವನು ಹಿಂದೆ. ಅರ್ಧ ದಾರಿಯಲ್ಲಿ ನನ್ನ ಕಾಲು ಸ್ವಲ್ಪ ಜಾರಿತು. "ನಿಧಾನ, ಕಲ್ಲು ಪಾಚಿ ಕಟ್ಟಿದೆ" ಎಂದು ಹಿಂದಿನಿಂದ ಹೇಳಿದ. ಅಷ್ಟೇ ಮಾತು. ಎರಡು ವರ್ಷದಿಂದ ನನಗೆ ಚಳಿಯಾಗುತ್ತದೆಯೋ, ನಾನು ಜಾರುತ್ತೇನೆಯೋ ಎಂದು ಆ ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅವನಿಗೆ ಕಾಣಬಾರದೆಂದು ನಾನು ತಿರುಗಿ ನೋಡದೆ ನಡೆದೆ.

ಬಸ್ಸು ಹತ್ತಿದೆವು. ಬಾಗಿಲಲ್ಲಿ ಡೋನಲ್ ನನ್ನ ಮುಖ ನೋಡಿದ, ನನ್ನ ಹಿಂದೆಯೂ ನೋಡಿದ, "ಗ್ರ್ಯಾಂಡ್, ಇನ್ನು ಹೊರಡೋಣ" ಎಂದ. ನಾನು ಕೂತ ಮೇಲೆ ಸುಧೀರ ನನ್ನನ್ನು ದಾಟಿ ಹಿಂದಿನ ಸಾಲಿಗೆ ಹೋದ. ದಾಟುವಾಗ ಅವನ ಕೈ ನನ್ನ ಭುಜ ಸೋಕಿತು, ನೀರು ಸ್ವೆಟರ್‌ನೊಳಗೆ ತಣ್ಣಗೆ ಇಳಿಯಿತು. ಮೈ ಒಣಗಿಸಿಕೊಳ್ಳಲಿ, ಆಮೇಲೆ ಹಿಂದೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ ಎಂದುಕೊಂಡೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಮೆಕ್ಸಿಕೋ ವಿಷಯದಲ್ಲಿ ನಾನು ಕ್ಷಮೆ ಕೇಳಿರಲಿಲ್ಲ. ಅವತ್ತು ಕೇಳುವವಳಿದ್ದೆ.

ಬಸ್ಸು ಹತ್ತು ನಿಮಿಷ ಓಡಿರಬೇಕು. ಡೋನಲ್‌ಗೆ ಫೋನ್ ಬಂತು. ಅವನು ಎದ್ದು ನಿಂತ. ಬಸ್ಸಿನ ಉದ್ದಕ್ಕೂ ಕಣ್ಣು ಹಾಯಿಸಿ, ನನ್ನ ಕಡೆ ಬಗ್ಗಿ, ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದ. ಹಿಂದೆ ಕೂತಿದ್ದಾರಲ್ಲ ಎಂದು ನಾನು ತಿರುಗಿದೆ. ಕೊನೆಯ ಸೀಟಿನ ಮೇಲೆ ಬ್ಯಾಗ್ ಇತ್ತು. ಅದರ ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾಯಿ ಕರೆದುಕೊಂಡು ಬಂದಿದ್ದ ಊರಿನ ಹೆಂಗಸೊಬ್ಬಳು ಮಡುವಿನ ಆಚೆ ದಡದಲ್ಲಿ ಅವನನ್ನು ಕಂಡಿದ್ದಳು. ನೀರಿನೊಳಗಿನ ಬಂಡೆಸಂದಿಯಲ್ಲಿ ಪಾದ ಸಿಕ್ಕಿಕೊಂಡಿತ್ತು. ಉಬ್ಬರ ಕುತ್ತಿಗೆಯವರೆಗೆ ಬಂದಿತ್ತು. ಆಕೆ ಬಟ್ಟೆ ಸಮೇತ ಇಳಿದು, ಮುಳುಗಿ, ಕಾಲು ಬಿಡಿಸಿ, ಎಳೆದು ಮೆಟ್ಟಿಲ ಮೇಲೆ ಹಾಕಿ, ಅವನ ಕೈಗೆ ಕಟ್ಟಿದ್ದ ಟೂರಿನ ಪಟ್ಟಿಯ ನಂಬರಿಗೆ ಫೋನ್ ಮಾಡಿದ್ದಳು. ಬಸ್ಸು ತಿರುಗಿ ಬಂದಾಗ ಅವನು ನಾಯಿಯ ಕಂಬಳಿಯೊಳಗೆ ಮುದುರಿಕೊಂಡಿದ್ದ. ತುಟಿ ನೀಲಿಯಾಗಿತ್ತು, ಪಾದ ವಕ್ರವಾಗಿತ್ತು. ನಾನು ಡಾಕ್ಟರಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಬ್ಯಾಗ್ ತೆರೆದು ಟವೆಲ್ ಹೊರಗೆಳೆದೆ. ಬೆಳಿಗ್ಗೆ ನಾನು ಮಡಿಸಿದ ಹಾಗೇ ಇತ್ತು, ಒಂದು ಹನಿಯೂ ತಾಗಿರಲಿಲ್ಲ.

ಆಂಬುಲೆನ್ಸ್ ಬರುವ ಮುಂಚೆ ಸುಧೀರನಿಗೆ ಮಾತು ಬಂತು. ಹಲ್ಲು ಕಟಕಟಿಸುತ್ತಿದ್ದರೂ ಶಬ್ದ ಸ್ಪಷ್ಟವಾಗಿತ್ತು. "ನಾನು ಕೈ ಎತ್ತಿ ಕರೆದೆ. ನೆಟ್ಟಗೆ ನನ್ನನ್ನೇ ನೋಡಿದೆ ನೀನು. ನೋಡಿಯೂ ಬ್ಯಾಗ್ ಎತ್ಕೊಂಡು ಹೋದೆ."

ಅವನ ಮೂಳೆ ಕೂಡಲು ಮೂರು ತಿಂಗಳಾಯಿತು. ನಾನು ಕಂಡದ್ದನ್ನು ಹೇಳಿದೆ. ನೀನು ನನ್ನ ಹಿಂದೆ ಬಂದೆ, ಬ್ಯಾಗ್ ನೀನೇ ಹೊತ್ತೆ, ಬಸ್ಸು ಹತ್ತಿದೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. "ಪೇಷೆಂಟ್ ಯಾರಾದ್ರೂ ಹೀಗೆ ಹೇಳಿದ್ರೆ ಫೈಲಲ್ಲಿ ಏನು ಬರೀತೀಯ?" ಎಂದು ಕೇಳಿದ. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಉಳಿದಿದ್ದ ಒಂದೇ ಸಾಕ್ಷಿ ಡೋನಲ್. ಟೂರಿನವರು ವಿಚಾರಿಸಿದಾಗ ಅವನು, ಎಣಿಕೆಯಲ್ಲಿ ನಾನೇ ತಪ್ಪಿದೆ ಎಂದು ಬರೆದುಕೊಟ್ಟ. ನಾನು ನಂಬರ್ ಹುಡುಕಿ ಫೋನ್ ಮಾಡಿದೆ. ಬಾಗಿಲಲ್ಲಿ ನನ್ನ ಹಿಂದೆ ನೋಡಿದಿರಲ್ಲ, ಯಾರನ್ನು ನೋಡಿದಿರಿ ಎಂದು ಕೇಳಿದೆ. ನಾನು ತಪ್ಪಿದೆನೆಂದು ಬರೆದಾಗಿದೆ ಡಾಕ್ಟರ್, ಅದು ಹಾಗೇ ಇರಲಿ, ನಿಮಗೂ ಅದೇ ಒಳ್ಳೆಯದು ಎಂದ. ನನಗೆ ಯಾವ ರೀತಿಯಲ್ಲಿ ಒಳ್ಳೆಯದು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದ.

ಸುದ್ದಿ ಕಾರ್ಕ್‌ನ ಕನ್ನಡದವರಲ್ಲಿ ಹರಡಿತು. ಯುಗಾದಿ ಊಟಕ್ಕೆ ಹೋದಾಗ ಹೋಳಿಗೆ ಬಡಿಸಲು ಬಂದ ಹೆಂಗಸೊಬ್ಬರು, "ಸ್ಟ್ರೆಸ್ಸಲ್ಲಿ ಎಲ್ಲರಿಗೂ ಒಂದೊಂದ್ ಸಲ ಹಾಗನ್ಸತ್ತೆ ಕಣ್ರೀ, ಬೇಜಾರು ಮಾಡ್ಕೋಬೇಡಿ" ಎಂದರು. ಯಾರಿಗೆ ಏನು ಅನ್ನಿಸುತ್ತದೆ ಎಂದು ಅವರು ಬಿಡಿಸಿ ಹೇಳಲಿಲ್ಲ. ನಾನು ಹೋಳಿಗೆ ಹಾಗೇ ಬಿಟ್ಟು ಎದ್ದೆ. ಇಂಚರ ಒಂದು ದಿನ ಶಾಲೆಯಿಂದ ಬಂದವಳು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು, "ಅಮ್ಮಾ, ಡಿಡ್ ಯೂ ಸೀ ಹಿಮ್ ಆರ್ ನಾಟ್?" ಎಂದು ಕೇಳಿದಳು. "ನೋಡಿದೆ ಪುಟ್ಟಾ" ಎಂದೆ. ಅವಳು ತಲೆಯಾಡಿಸಿ ಮೆಟ್ಟಿಲು ಹತ್ತಿ ಹೋದಳು. ನನ್ನ ಉತ್ತರಕ್ಕೆ ಎರಡು ಅರ್ಥವಿದೆ, ನೀರಿನಲ್ಲಿದ್ದವನನ್ನು ನೋಡಿಯೂ ಬಿಟ್ಟು ಬಂದೆ ಎಂದೂ ಆಗುತ್ತದೆ ಎಂದು ಹೊಳೆಯುವಷ್ಟರಲ್ಲಿ ಅವಳ ಕೋಣೆಯ ಬಾಗಿಲು ಮುಚ್ಚಿತ್ತು.

ನನ್ನ ಮೇಲೆ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡೆ. ಮಿದುಳಿನಲ್ಲಿ ಏನೂ ಇಲ್ಲ. ಮನೋವೈದ್ಯ ಗೆಳತಿಯೊಬ್ಬಳು, ಆಯಾಸ, ದುಃಖ, ಆಸೆ ಸೇರಿ ಆದದ್ದು ಎಂದಳು. ಇರಬಹುದು. ಆದರೆ ನಾನು ಬ್ಯಾಗ್ ಹೊತ್ತ ನೆನಪು ನನಗಿಲ್ಲ, ಸ್ವೆಟರ್‌ನ ಭುಜ ಮನೆಗೆ ಬಂದಾಗಲೂ ತೇವವಾಗಿತ್ತು. ಇನ್ನು ಅವಳ ಮಾತೇ ನಿಜವೆಂದರೆ ಅದು ಮತ್ತೂ ಕೆಟ್ಟದ್ದು. ಗಂಡ ನೀರಿನಲ್ಲಿ ಕೈ ಎತ್ತಿ ಕರೆಯುತ್ತಿದ್ದಾಗ ನನ್ನ ಮನಸ್ಸು ಅವನನ್ನು ಅಲ್ಲೇ ಬಿಟ್ಟು, ತನಗೆ ಬೇಕಾದ ಇನ್ನೊಬ್ಬನನ್ನು ಮಾಡಿಕೊಂಡು ಹೊರಟಿತು ಎಂದಾಯಿತು. ಇದನ್ನು ಒಪ್ಪುವುದಕ್ಕಿಂತ ದೆವ್ವವನ್ನು ಒಪ್ಪುವುದು ನನಗೆ ಸುಲಭ. ಎರಡನ್ನೂ ಒಪ್ಪಲು ಆಗಿಲ್ಲ.

ಸುಧೀರ ಡಬ್ಲಿನ್ ಕಡೆ ಕೆಲಸ ಹಿಡಿದು ಅಲ್ಲಿನ ಆಡಮ್ಸ್‌ಟೌನ್ ಬಡಾವಣೆಯಲ್ಲಿ ಮನೆ ಮಾಡಿದ. ಇಂಚರ ಅವನ ಜೊತೆ ಹೋಗುತ್ತೇನೆಂದಳು, ಹೋದಳು. ಕಳೆದ ವರ್ಷ ಬೇರ್ಪಡಿಕೆಯ ಕಾಗದಗಳಿಗೆ ಸಹಿ ಹಾಕಲು ವಕೀಲರ ಆಫೀಸಿನಲ್ಲಿ ಸೇರಿದೆವು. ಅವನು ಈಗಲೂ ಸ್ವಲ್ಪ ಕುಂಟುತ್ತಾನೆ. ವಕೀಲರು ಯಾವುದೋ ಪ್ರತಿ ತರಲು ಒಳಗೆ ಹೋದಾಗ ಅವನು ಮೇಜಿನ ಕಡೆ ನೋಡುತ್ತ ಕೇಳಿದ, "ಅವತ್ತು ಅವನು ಏನಾದ್ರೂ ಮಾತಾಡಿದ್ನಾ?"

ಅಷ್ಟು ವರ್ಷದಲ್ಲಿ ಆ ಮಾತುಗಳನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದ್ದನ್ನು ಹೇಳಿದೆ. ನಿನಗೆ ಚಳಿ ಆಗಿರ್ಬೇಕು ಅಂದ, ನಿಧಾನ ಅಂದ.

ಸುಧೀರ ತಲೆ ಎತ್ತಿ ನನ್ನನ್ನು ನೋಡಿದ. ಕೋಪವಿರಲಿಲ್ಲ ಅವನ ಮುಖದಲ್ಲಿ. "ಹಾಗಿದ್ರೆ ಅಲ್ಲೇ ಗೊತ್ತಾಗ್ಬೇಕಿತ್ತಲ್ಲ ನಿನಗೆ, ಅದು ನಾನಲ್ಲ ಅಂತ" ಎಂದ.

ವಕೀಲರು ಬಂದರು. ಅವನು ಸಹಿ ಹಾಕಿದ, ನಾನೂ ಹಾಕಿದೆ. ಅವನು ಡಬ್ಲಿನ್ ರೈಲಿಗೆ ಹೋದ, ನಾನು ಡ್ಯೂಟಿಗೆ ಹೋದೆ. ಅವನು ಹೇಳಿದ್ದು ಸರಿ. ಆ ಹಾದಿಯಲ್ಲಿ ನನಗೆ ಗೊತ್ತಿತ್ತೇ, ಗೊತ್ತಿದ್ದೇ ತಿರುಗಿ ನೋಡಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಹೌದು ಎಂದು ಆಣೆ ಮಾಡಲಾರೆ. ಇಲ್ಲ ಎಂದೂ ಮಾಡಲಾರೆ.