ಓದಿಸದೆ ಬಿಟ್ಟ ಒಂದು ಸಾಲು

ಪ್ರೋಗ್ರಾಮ್ ಬರೆಯುವ ಗಣಕ ಭಾಷೆಗಳನ್ನು ಕಟ್ಟುವವರಲ್ಲಿ ವೇಗಕ್ಕೆ ಹೆಸರಾದವರಿದ್ದಾರೆ, ಜಾಣ್ಮೆಗೆ ಹೆಸರಾದವರಿದ್ದಾರೆ. ಕಲಿಯಲು ಬಂದವರು ತಪ್ಪಿದಾಗ ಯಂತ್ರ ಅವರೊಡನೆ ಹೇಗೆ ಮಾತಾಡಬೇಕು ಎಂಬುದೊಂದಕ್ಕೇ ಇಪ್ಪತ್ತೆಂಟು ವರ್ಷ ಕೊಟ್ಟವರು, ನಾನು ಕಂಡಂತೆ, ನಮ್ಮ ಮೇಷ್ಟ್ರೊಬ್ಬರೇ. ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದುದರಿಂದ ಆ ಹೆಸರು. ಈ ತಿಂಗಳು ನಿವೃತ್ತರಾಗುವವರೆಗೂ ಅದೇ ಉಳಿಯಿತು.

ಅವರ ಕ್ರಮ ಸರಳ. ಪ್ರತಿ ಗುರುವಾರ ಮಧ್ಯಾಹ್ನ, ಭಾಷೆಯ ಗಂಧಗಾಳಿಯೂ ಇಲ್ಲದ ಒಬ್ಬರನ್ನು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ, ಬರೆದದ್ದು ತಪ್ಪಿದಾಗ ಯಂತ್ರ ತೋರಿಸಲೆಂದು ಹೊಸದಾಗಿ ಬರೆದ ದೋಷಸಂದೇಶವನ್ನು ಗಟ್ಟಿಯಾಗಿ ಓದಿಸುವುದು. ತಾವು ಹಿಂದೆ ಕುರ್ಚಿ ಹಾಕಿಕೊಂಡು ತುಟಿ ಬಿಚ್ಚದೆ ಕೂರುವುದು. ಓದಿದವರ ಬೆರಳು ತಪ್ಪಿರುವ ಸಾಲಿಗೆ ಹೋಗದಿದ್ದರೆ ಸಂದೇಶ ವಾಪಸ್. ಒಮ್ಮೆ ನಮ್ಮ ಕಚೇರಿಯ ಕಾವಲುಗಾರರು ಒಂದನ್ನು ಓದಿ, "ಇದು ನಮ್ಮತ್ತೆ ಮಾತಾಡಿದ ಹಾಗಿದೆ ಸಾರ್. ಕೋಪ ಗೊತ್ತಾಗುತ್ತೆ, ಕಾರಣ ಗೊತ್ತಾಗಲ್ಲ" ಎಂದರು. ಮೇಷ್ಟ್ರು ನಗುತ್ತಲೇ ಅದನ್ನು ಹೊಡೆದುಹಾಕಿದರು.

ಹೆರಿಗೆ ರಜೆ ಮುಗಿಸಿ ಅಳುಕುತ್ತಾ ಬಂದ ನನಗೆ, ಮರೆತದ್ದನ್ನೆಲ್ಲ ಬೇರೆಯವರಿಗೆ ತಿಳಿಯದಂತೆ ಮತ್ತೆ ಹೇಳಿಕೊಟ್ಟವರು ಅವರು. ಮಗಳು ದೊಡ್ಡವಳಾಗಿ ನನ್ನ ಜೊತೆ ಬರತೊಡಗಿದಾಗ, ತಮ್ಮ ಮೇಜಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿ ಅವಳ ಬಣ್ಣದ ಪೆನ್ಸಿಲ್‌ಗಳಿಗೆ ಬಿಟ್ಟುಕೊಟ್ಟರು. ಅಂಥವರಿಗೆ ನಾನು ಮಾಡಿದ್ದನ್ನು ಇಲ್ಲಿ ಹೇಳದಿದ್ದರೆ ಮೇಲಿನ ಹೊಗಳಿಕೆಗೆಲ್ಲ ಅರ್ಥವಿಲ್ಲ.

ಆರು ವರ್ಷದ ಹಿಂದೆ, ಪತ್ನಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದ ಮೇಷ್ಟ್ರು ಒಂದು ಗುರುವಾರವನ್ನು ನನಗೆ ಒಪ್ಪಿಸಿದರು. ಅಂದು ಮಗಳಿಗೆ ಜ್ವರ. ನಾನೇ ಬರೆದ ಒಂದು ಸಂದೇಶವನ್ನು ಯಾರಿಂದಲೂ ಓದಿಸದೆ ಭಾಷೆಗೆ ಸೇರಿಸಿ ಮನೆಗೆ ಓಡಿದೆ. ಆವರಣ, ಅಂದರೆ ಬ್ರ್ಯಾಕೆಟ್, ತೆರೆದು ಮುಚ್ಚಲು ಮರೆತವರಿಗೆ ಅದು "ಕೊನೆಯ ಸಾಲಿನಲ್ಲಿ ದೋಷ" ಎನ್ನುತ್ತಿತ್ತು. ಮರೆತಿರುವುದು ಮೇಲೆಲ್ಲೋ, ಯಂತ್ರಕ್ಕೆ ಅದು ತಿಳಿಯುವುದು ಮಾತ್ರ ಕೊನೆಯಲ್ಲಿ.

ನಮ್ಮ ಭಾಷೆಯನ್ನು ಹೊಸಬರಿಗೆ ಕಲಿಸುವ ಸಂಜೆ ತರಗತಿಗೆ ಒಬ್ಬ ದರ್ಜಿ ಹೆಂಗಸು ಬರುತ್ತಿದ್ದರು. ಬೆನ್ನುನೋವಿನಿಂದ ಹೊಲಿಗೆ ಬಿಡಬೇಕಾಗಿ ಬಂದು, ಬೇರೆ ಕೆಲಸದ ಆಸೆಯಿಂದ ಕಲಿಯುತ್ತಿದ್ದವರು. ಅಂಗಿಯೊಂದಕ್ಕೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಅವರ ಪುಟ್ಟ ಪ್ರೋಗ್ರಾಮಿನ ಮೂರನೆಯ ಸಾಲಿನಲ್ಲಿ ಆವರಣ ಮುಚ್ಚಿರಲಿಲ್ಲ. ಸಂದೇಶವನ್ನು ನಂಬಿ ಹನ್ನೊಂದು ದಿನ ಕೊನೆಯ ಸಾಲನ್ನೇ ತಿದ್ದಿದರು. ಆಮೇಲೆ ಮೇಷ್ಟ್ರ ಬಳಿ ಬಂದು, "ಕೊನೆ ಸಾಲನ್ನ ನಲವತ್ತು ಸಲ ಬಿಚ್ಚಿ ಹೊಲಿದೆ ಸಾರ್. ಇದು ನನ್ನ ತಲೆಗೆ ಹತ್ತೋದಲ್ಲ" ಎಂದು ಹೊರಟರು. ಮೇಷ್ಟ್ರು ಅವರ ಮನೆಗೇ ಹೋಗಿ ಕರೆದರು. ಅವರು ಮರಳಲಿಲ್ಲ.

"ಆ ಸಂದೇಶ ಓದಿಸಿದ್ಯೇನಮ್ಮ?" ಎಂದು ಮೇಷ್ಟ್ರು ಕೇಳಿದರು.

"ಹೂಂ" ಎಂದೆ.

ಅವರು ನನ್ನನ್ನು ನಂಬಿದರು. ಅನುಮಾನಿಸಿದ್ದು ತಮ್ಮ ಕ್ರಮವನ್ನು. ಹೊಸಬರೊಡನೆ ಯಂತ್ರ ಹೇಗೆ ಮಾತಾಡಬೇಕೆಂದು ಒಂದು ಕೈಪಿಡಿ ಬರೆದುಕೊಡಿ ಎಂದು ನಾವು ಕೇಳಿದಾಗಲೆಲ್ಲ, "ಓದಿಸಿಯೂ ಆಯಮ್ಮನ್ನ ಉಳಿಸಿಕೊಳ್ಳೋಕಾಗ್ಲಿಲ್ಲ. ಯಾವ ಮುಖ ಇಟ್ಕೊಂಡು ಬರೀಲಿ?" ಎನ್ನುತ್ತಾರೆ. ಆರು ವರ್ಷ ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ಒಗೆದ ಬಟ್ಟೆ ಮಡಿಸುವ ನಡುವೆ, ಅವರ ಬೀಳ್ಕೊಡುಗೆಗೆಂದು ಇಷ್ಟು ಬರೆದು, ಅವರ ಕ್ರಮದಂತೆ ಮಗಳಿಂದ ಗಟ್ಟಿಯಾಗಿ ಓದಿಸಿ, ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. "ಹೂಂ" ಎಂಬಲ್ಲಿ ಅವಳ ಬೆರಳು ನಿಂತಿತು.

"ಅಮ್ಮ, ತಪ್ಪು ಇಲ್ಲಿದೆ" ಎಂದಳು.

ನಿಮ್ಮ ಕ್ರಮದಲ್ಲಿ ದೋಷವಿಲ್ಲ, ಮೇಷ್ಟ್ರೇ. ಆರೋಗ್ಯವಾಗಿ ಬಹುಕಾಲ ಬಾಳಿ, ಆ ಕೈಪಿಡಿ ಬರೆಯಿರಿ. ಗುರುವಾರ ಮಧ್ಯಾಹ್ನ ಅದನ್ನು ಗಟ್ಟಿಯಾಗಿ ಓದಲು ನಾವಿಬ್ಬರೂ ಬರುತ್ತೇವೆ, ನೀವು ಬಾಗಿಲು ತೆಗೆದರೆ.